ಸೈನೈಡ್ ದಿಬ್ಬದ ಪಕ್ಕ ಹೊಂಗೆ ಹಾಕಬಹುದಾ? ಎಣ್ಣೆ ಸರಿ, ಹಿಂಡಿ-ಸೌದೆ ಎಲ್ಲಿಗೆ ಹೋಗುತ್ತೆ?

ಕೆಜಿಎಫ್: ಇಲ್ಲಿನವರಿಗೆ ಸೈನೈಡ್ ದಿಬ್ಬಗಳನ್ನು ಹೊಸದಾಗಿ ಪರಿಚಯ ಮಾಡಬೇಕಿಲ್ಲ. ಗಾಳಿ ಜೋರಾದ್ರೆ ಧೂಳು ಮನೆಗೂ ಬರುತ್ತೆ, ಅಂಗಡಿಗೂ ಬರುತ್ತೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು, ದಿಬ್ಬಗಳು ಮಾತ್ರ ಹಾಗೇ ಉಳಿದವು. ಇಂಥ ನೆಲದಲ್ಲಿ ತಿನ್ನೋ ಬೆಳೆ ಬದಲು ಎಣ್ಣೆ, ಸೌದೆ ಕೊಡುವ 'ಇಂಧನ ಬೆಳೆ' ಹಾಕಿದ್ರೆ ಹೇಗೆ?

ದಿಬ್ಬದಲ್ಲಿ ಇರೋದೇನು?
ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬ. ಸೈನೈಡ್ ಬಿಸಿಲು-ಗಾಳಿಗೆ ನಿಧಾನವಾಗಿ ಒಡೆದು ಹೋಗುತ್ತದೆ. ಆದರೆ ಭಾರಲೋಹಗಳು ಒಡೆಯಲ್ಲ. ಅದಿರಿನ ಗಂಧಕದ ಅಂಶಕ್ಕೆ ಮಳೆ ನೀರು, ಗಾಳಿ ತಗುಲಿದರೆ ಆಮ್ಲ ಹುಟ್ಟುತ್ತದೆ. ಆ ಆಮ್ಲದಲ್ಲಿ ಲೋಹ ಕರಗಿ ಗಿಡದ ಬೇರಿಗೂ, ಅಂತರ್ಜಲಕ್ಕೂ ಸೇರಬಹುದು.

ಬೇರೆಡೆ ಮಾಡಿದ್ದಾರಾ?
ಮಾಡಿದ್ದಾರೆ. ಬೆಲ್ಜಿಯಂ ದೇಶದ ಕ್ಯಾಂಪಿನ್ ಪ್ರದೇಶದಲ್ಲಿ ಹಳೇ ಸತುವಿನ ಕಾರ್ಖಾನೆಗಳಿಂದ ಹೊಲಗಳಿಗೆ ಕ್ಯಾಡ್ಮಿಯಂ ಸೇರಿತ್ತು. ಅಲ್ಲಿ ಬಯೋಗ್ಯಾಸ್‌ಗೆ ಮುಸುಕಿನ ಜೋಳ, ಸೌದೆಗೆ ವಿಲ್ಲೋ ಮರ ಬೆಳೆಸಿ ನೋಡಿದರು. ಇಂಧನ ಸಿಕ್ಕಿತು. ಆದರೆ ಗಿಡ ಹೀರಿಕೊಂಡ ಲೋಹ ತೀರಾ ಕಡಿಮೆ. ಮಣ್ಣು ಶುದ್ಧವಾಗಲು ಹಲವು ದಶಕ ಬೇಕು.

ಹೊಂಗೆ ಯಾಕೆ?
ಬರ ತಡೆಯುತ್ತೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತೆ, ಎಣ್ಣೆಯಿಂದ ಬಯೋಡೀಸೆಲ್ ಆಗುತ್ತೆ. ಬೇರು ಮಣ್ಣನ್ನು ಹಿಡಿದರೆ ಧೂಳು ಏಳೋದು ಕಡಿಮೆ. ನಮ್ಮೂರಿಗೆ ದೊಡ್ಡ ಲಾಭ ಇದೇ. ಹಾಗಂತ ಬರೀ ದಿಬ್ಬದ ಮೇಲೆ ಸಸಿ ನೆಟ್ಟರೆ ಉಳಿಯೋದು ಕಷ್ಟ. ಅಲ್ಲಿ ಸಾವಯವ ಅಂಶವೇ ಇರಲ್ಲ. ಮೊದಲು ಸುಣ್ಣ, ಗೊಬ್ಬರ, ಒಳ್ಳೆ ಮಣ್ಣು ಹಾಕಬೇಕು.

ಎಚ್ಚರ ಎಲ್ಲಿ?
* ಹಿಂಡಿ: ಬೀಜ ಅರೆದಾಗ ಲೋಹದ ಬಹುಪಾಲು ಎಣ್ಣೆಗೆ ಹೋಗಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ಗೊಬ್ಬರ ಅಂತ ಟೊಮೆಟೊ ತೋಟಕ್ಕೆ ಹೋದರೆ ವಿಷ ಒಳ್ಳೆ ನೆಲಕ್ಕೆ ಬಂದ ಹಾಗೆ.
* ಸೌದೆ: ಬೇಕರಿ, ಹೋಟೆಲ್ ಒಲೆಯಲ್ಲಿ ಉರಿಸಿದರೆ ಲೋಹ ಬೂದಿಯಲ್ಲಿ ಸೇರುತ್ತದೆ. ಕ್ಯಾಡ್ಮಿಯಂನಂಥದ್ದು ಹೊಗೆಯಲ್ಲೂ ಹೋಗುತ್ತದೆ. ಹೊಗೆ ಶೋಧಿಸುವ ವ್ಯವಸ್ಥೆ ಇರುವ ದೊಡ್ಡ ಬಾಯ್ಲರ್‌ಗೆ ಮಾತ್ರ ಇದು ಸರಿ.
* ಮೇವು: ಬೇಲಿ ಇಲ್ಲದಿದ್ದರೆ ಆಡು-ಕುರಿ ಸೊಪ್ಪು, ಹುಲ್ಲು ಮೇಯುತ್ತವೆ. ಅಲ್ಲಿಂದ ಅದು ಹಾಲಿಗೂ ಮಾಂಸಕ್ಕೂ ಸೇರಬಹುದು.

ಮೊದಲು ಮಾಡಬೇಕಾದ್ದು
ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳ ವಿವರ ಇರುತ್ತದೆ. ಅದರಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಇಲ್ಲ. ಹಾಗಾಗಿ ಕಾರ್ಡ್ ಚೆನ್ನಾಗಿದೆ ಅಂತ ನಂಬಿ ಕೂರಬೇಡಿ, ಭಾರಲೋಹದ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಬೇಕು. ದಿಬ್ಬದ ಪಕ್ಕ ಇಂಥ ಯೋಜನೆ ತರುವವರು ಯಾರೇ ಆಗಲಿ, ಹಿಂಡಿ ಎಲ್ಲಿಗೆ, ಬೂದಿ ಎಲ್ಲಿಗೆ, ಬೇಲಿ ಯಾರು ನೋಡಿಕೊಳ್ತಾರೆ ಅಂತ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.