ಮಾದರಿ ಪ್ರಶ್ನೆಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ಕಾಲ ಯಾವುದು?

ದ್ವಿತೀಯ ಪಿ.ಯು.ಸಿ.ಯಲ್ಲಿ ಗಣಿತ ಓದುವ ಮಕ್ಕಳಿರುವ ಮನೆಗಳಲ್ಲಿ ಪ್ರತಿವರ್ಷವೂ ಏಳುವ ಪ್ರಶ್ನೆಯೊಂದಿದೆ. ಪ್ರಶ್ನೆಪತ್ರಿಕೆಗಳನ್ನು ಬಿಡಿಸುವ ಅಭ್ಯಾಸವನ್ನು ಯಾವಾಗ ಆರಂಭಿಸಬೇಕು? ಬೇಗ ಆರಂಭಿಸಿದಷ್ಟೂ ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಪಾಠಗಳೆಲ್ಲ ಮುಗಿದ ಮೇಲೆ ನೋಡಿಕೊಂಡರಾಯಿತೆಂದು ಇನ್ನು ಕೆಲವರು. ಈ ಎರಡೂ ದಾರಿಗಳಲ್ಲಿ ನಡೆದು ಎಡವಿದವರು ನಾವು. ಆದುದರಿಂದ ನಮ್ಮ ಅನುಭವವನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ಹಿರಿಯ ಮಗಳು ದ್ವಿತೀಯ ಪಿ.ಯು.ಸಿ.ಗೆ ಕಾಲಿಟ್ಟ ವರ್ಷ, ಜುಲೈ ತಿಂಗಳಲ್ಲಿಯೇ ಪ್ರಶ್ನೆಪತ್ರಿಕೆಗಳ ಕಟ್ಟೊಂದನ್ನು ತಂದು, ಪ್ರತಿ ಭಾನುವಾರ ಒಂದು ಪೂರ್ಣ ಪತ್ರಿಕೆ ಬರೆಯಬೇಕೆಂದು ಕಟ್ಟಳೆ ಮಾಡಿದೆವು. ಮೊದಲ ವಾರ ೮೦ಕ್ಕೆ ೧೯ ಅಂಕ ಬಂದಿತು, ಮರುವಾರ ೨೨. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವೇ ತನ್ನ ಮೆಚ್ಚಿನ ವಿಷಯವೆನ್ನುತ್ತಿದ್ದ ಹುಡುಗಿ ನಾಲ್ಕನೆಯ ಭಾನುವಾರ ಹೊಟ್ಟೆನೋವೆಂದು ಮಲಗಿದಳು. ಹಾಸಿಗೆಯ ಕೆಳಗೆ ಮಡಚಿ ಬಚ್ಚಿಟ್ಟಿದ್ದ ಉತ್ತರಪತ್ರಿಕೆಗಳು ಅವಳ ತಾಯಿಯ ಕಣ್ಣಿಗೆ ಬಿದ್ದವು. "ಅಪ್ಪಾಜಿ, ನನ್ನ ತಲೆಗೆ ಗಣಿತ ಹತ್ತುವುದಿಲ್ಲ. ಬೇರೆ ಏನಾದರೂ ಓದುತ್ತೇನೆ, ಬಿಟ್ಟುಬಿಡಿ" ಎಂದು ಆಕೆ ಅತ್ತಾಗ ನಮಗೆ ದಿಕ್ಕು ತೋಚದಂತಾಯಿತು.

ಅವಳ ಉಪನ್ಯಾಸಕರನ್ನು ಕಂಡೆವು. ಅವರು ಉತ್ತರಪತ್ರಿಕೆಗಳನ್ನು ತಿರುವಿ ಹಾಕಿ, "ಸ್ವಾಮಿ, ಇಷ್ಟರವರೆಗೆ ತರಗತಿಯಲ್ಲಿ ಮುಗಿದಿರುವುದು ಮೂರು ಅಧ್ಯಾಯ. ಆ ಮೂರರ ಪ್ರಶ್ನೆಗಳಿಗೆ ಹುಡುಗಿ ಬಹುಮಟ್ಟಿಗೆ ಸರಿಯಾಗಿಯೇ ಉತ್ತರಿಸಿದ್ದಾಳೆ. ಉಳಿದುದನ್ನು ನಾವು ಇನ್ನೂ ಕಲಿಸಿಯೇ ಇಲ್ಲವಲ್ಲ!" ಎಂದರು. ಕಾಳು ಕಟ್ಟುವ ಮುನ್ನವೇ ತೆನೆ ಮುರಿದು ತೂಗಿ, ಬೆಳೆ ಕೈಕೊಟ್ಟಿತೆಂದು ಮರುಗಿದಂತಾಗಿತ್ತು ನಮ್ಮ ಕೆಲಸ.

ಈ ಪೆಟ್ಟು ತಿಂದ ನಾವು ಮಗನ ಸರದಿ ಬಂದಾಗ ಇನ್ನೊಂದು ತುದಿಗೆ ಹೋದೆವು. ಪಾಠವೆಲ್ಲ ಮುಗಿಯಲಿ ಎಂದು ಕಾದು, ಫೆಬ್ರುವರಿಯ ಕೊನೆಯ ವಾರ ಮೊದಲ ಪೂರ್ಣ ಪತ್ರಿಕೆ ಬರೆಸಿದೆವು. ಒಂದೊಂದು ಅಧ್ಯಾಯವನ್ನೂ ಚೆನ್ನಾಗಿ ಬಲ್ಲವನಾಗಿದ್ದರೂ, ಮೂರು ಗಂಟೆ ಮುಗಿದಾಗ ಐದು ಅಂಕಗಳ ಎರಡು ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ದೋಷ ತಿಳಿಯಿತು, ತಿದ್ದಿಕೊಳ್ಳಲು ದಿನಗಳು ಉಳಿದಿರಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು. ಅವನು ತೇರ್ಗಡೆಯೇನೋ ಆದನು. ಆದರೆ ತನ್ನ ಶಕ್ತಿಗೆ ತಕ್ಕ ಅಂಕಗಳು ಅವನಿಗೆ ದೊರೆಯಲಿಲ್ಲ.

ಪತ್ರಿಕೆಯ ಸ್ವರೂಪ

ಆರಂಭದ ಕಾಲವನ್ನು ನಿಶ್ಚಯಿಸುವ ಮುನ್ನ ಪತ್ರಿಕೆಯ ಸ್ವರೂಪವನ್ನು ಅರಿಯಬೇಕು. ೨೦೨೪ರ ಪರೀಕ್ಷೆಯಿಂದ ಗಣಿತದ ಲಿಖಿತ ಪತ್ರಿಕೆಗೆ ೮೦ ಅಂಕಗಳು, ಆಂತರಿಕ ಮೌಲ್ಯಮಾಪನಕ್ಕೆ ೨೦ ಅಂಕಗಳು. ಒಂದು ಅಂಕದ ಕಿರು ಪ್ರಶ್ನೆಗಳಿಂದ ತೊಡಗಿ ಹೆಚ್ಚು ಅಂಕಗಳ ದೀರ್ಘ ಪ್ರಶ್ನೆಗಳವರೆಗೆ ಪತ್ರಿಕೆಯು ಹಂತಹಂತವಾಗಿ ಏರುತ್ತದೆ. ಪಠ್ಯದಲ್ಲಿರುವುದು ೧೩ ಅಧ್ಯಾಯಗಳು. ಮೊದಲ ಭಾಗದಲ್ಲಿ ಆರು, ಎರಡನೆಯ ಭಾಗದಲ್ಲಿ ಏಳು. ಅನುಕಲನ, ಸದಿಶಗಳು, ಸಂಭವನೀಯತೆ ಮುಂತಾದವೆಲ್ಲ ಎರಡನೆಯ ಭಾಗಕ್ಕೆ ಸೇರಿದವು. ಆ ಭಾಗವನ್ನು ಓದದ ವಿದ್ಯಾರ್ಥಿಯ ಕೈಗೆ ಪೂರ್ಣ ಪತ್ರಿಕೆ ಕೊಟ್ಟರೆ ಬರುವ ಅಂಕವು ಅವನ ಬುದ್ಧಿಯ ಅಳತೆಯಲ್ಲ, ಪಾಠ ಎಲ್ಲಿಯವರೆಗೆ ಸಾಗಿದೆ ಎಂಬುದರ ಅಳತೆ ಮಾತ್ರ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ೨೦೨೩ ಮತ್ತು ಅದಕ್ಕೂ ಹಿಂದಿನ ಪತ್ರಿಕೆಗಳು ೧೦೦ ಅಂಕಗಳವು. ಅವುಗಳಲ್ಲಿ ಈಗ ಪಠ್ಯದಿಂದ ಕೈಬಿಟ್ಟ ಭಾಗಗಳ ಪ್ರಶ್ನೆಗಳೂ ಇರುತ್ತವೆ. ಅವುಗಳನ್ನು ಲೆಕ್ಕಗಳ ಭಂಡಾರವೆಂದು ಬಳಸಬಹುದು. ಗಡಿಯಾರವಿಟ್ಟು ಬರೆಯಲು ಹೊಸ ಮಾದರಿಯ ಪತ್ರಿಕೆಗಳೇ ತಕ್ಕವು.

ಮೂರು ಹಂತಗಳು

ಹಾಗಾದರೆ ಆರಂಭ ಯಾವಾಗ? ಪ್ರಶ್ನೆಗಳ ಅಭ್ಯಾಸ ಮೊದಲ ಅಧ್ಯಾಯ ಮುಗಿದ ವಾರವೇ ಆರಂಭವಾಗಲಿ. ಪೂರ್ಣ ಪತ್ರಿಕೆ ಮಾತ್ರ ಪಾಠಗಳು ಮುಗಿಯುವ ಹೊತ್ತಿಗೆ ಬರಲಿ. ಇದೇ ನಮ್ಮ ಉತ್ತರ.

ಮೊದಲನೆಯ ಹಂತ: ಅಧ್ಯಾಯವೊಂದು ಮುಗಿದೊಡನೆ ಹಳೆಯ ಪತ್ರಿಕೆಗಳಿಂದ ಆ ಅಧ್ಯಾಯದ ಪ್ರಶ್ನೆಗಳನ್ನಷ್ಟೇ ಆರಿಸಿ ಬಿಡಿಸುವುದು. ಇಲ್ಲಿ ಗಡಿಯಾರ ಬೇಡ, ಅಂಕವೂ ಬೇಡ. ಆದರೆ ಪುಸ್ತಕ ಮುಚ್ಚಿಟ್ಟು ಪ್ರಯತ್ನಿಸಿದ ಮೇಲೆಯೇ ಉತ್ತರ ನೋಡಬೇಕು.

ಎರಡನೆಯ ಹಂತ: ಮಧ್ಯವಾರ್ಷಿಕ ಪರೀಕ್ಷೆಯ ನಂತರ, ಮುಗಿದ ನಾಲ್ಕೈದು ಅಧ್ಯಾಯಗಳ ಪ್ರಶ್ನೆಗಳನ್ನು ಬೆರೆಸಿ ವಾರಕ್ಕೊಮ್ಮೆ ಒಂದು ಗಂಟೆಯ ಅಭ್ಯಾಸ. ಈ ಬೆರಕೆಗೆ ಕಾರಣವಿದೆ. ಅಧ್ಯಾಯದ ಕೊನೆಯಲ್ಲಿರುವ ಲೆಕ್ಕಕ್ಕೆ ಯಾವ ವಿಧಾನ ಬಳಸಬೇಕೆಂಬುದನ್ನು ಶೀರ್ಷಿಕೆಯೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಆ ಶೀರ್ಷಿಕೆ ಇರುವುದಿಲ್ಲ. ಅಮೆರಿಕದ ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರೆಸಿ ಅಭ್ಯಾಸ ಮಾಡಿದವರು ಅಭ್ಯಾಸದ ವೇಳೆ ಹೆಚ್ಚು ತಪ್ಪು ಮಾಡಿದರೂ, ವಾರದ ಬಳಿಕ ನಡೆದ ಪರೀಕ್ಷೆಯಲ್ಲಿ ಉಳಿದವರಿಗಿಂತ ಬಹಳ ಮುಂದಿದ್ದರು. ಆದುದರಿಂದ ಈ ಹಂತದ ತಪ್ಪುಗಳಿಗೆ ತಂದೆತಾಯಿಗಳು ಬೆದರಬೇಕಾಗಿಲ್ಲ.

ಮೂರನೆಯ ಹಂತ: ಒಂದೆರಡು ಅಧ್ಯಾಯಗಳ ಹೊರತು ಪಾಠವೆಲ್ಲ ಮುಗಿದಾಗ ಪೂರ್ಣ ಪತ್ರಿಕೆಯ ಆರಂಭ. ಮೊದಲನೆಯ ಪರೀಕ್ಷೆಯು ಮಾರ್ಚ್ ತಿಂಗಳ ಆಸುಪಾಸಿನಲ್ಲಿ ನಡೆಯುವುದರಿಂದ, ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲ ವಾರ ಇದಕ್ಕೆ ಯೋಗ್ಯ ಕಾಲ. ಜನವರಿಯಲ್ಲಿ ವಾರಕ್ಕೊಂದು, ಫೆಬ್ರುವರಿಯಲ್ಲಿ ವಾರಕ್ಕೆರಡು ಎಂದರೆ ಹತ್ತು ಹನ್ನೆರಡು ಪತ್ರಿಕೆಗಳಾಗುತ್ತವೆ, ಅಷ್ಟು ಸಾಕು. ಇತ್ತೀಚಿನ ಒಂದೆರಡು ಪತ್ರಿಕೆಗಳನ್ನು ಬಿಡಿಸದೆ ಕೊನೆಗೆ ಕಾದಿರಿಸಬೇಕು. ಒಂದು ಅಂಕಕ್ಕೆ ಎರಡು ನಿಮಿಷವೆಂದು ಲೆಕ್ಕವಿಟ್ಟರೆ ೧೬೦ ನಿಮಿಷಗಳಲ್ಲಿ ಪತ್ರಿಕೆ ಮುಗಿದು, ಪರಿಶೀಲನೆಗೆ ೨೦ ನಿಮಿಷ ಉಳಿಯುತ್ತದೆ.

ಬರೆದ ಮೇಲಿನ ಕಾಯಕ

ಪತ್ರಿಕೆ ಬರೆದು ಅಂಕ ಎಣಿಸಿ ಬದಿಗಿಟ್ಟರೆ ಮೂರು ಗಂಟೆಯ ಶ್ರಮ ವ್ಯರ್ಥವೆಂದೇ ಹೇಳಬೇಕು. ಮರುದಿನ ಅಷ್ಟೇ ಹೊತ್ತನ್ನು ತಿದ್ದುವುದಕ್ಕೂ ಕೊಡಬೇಕು. ಕಳೆದುಕೊಂಡ ಅಂಕಗಳನ್ನು ಮೂರು ಗುಂಪು ಮಾಡಿರಿ: ತಿಳಿಯದೆ ಹೋದವು, ತಿಳಿದೂ ತಪ್ಪಿದವು, ಹೊತ್ತು ಸಾಲದೆ ಬಿಟ್ಟವು. ಮೊದಲನೆಯದಕ್ಕೆ ಪಠ್ಯಪುಸ್ತಕವೇ ಮದ್ದು. ಇನ್ನೊಂದು ಪತ್ರಿಕೆ ಬರೆದರೆ ಅದು ವಾಸಿಯಾಗದು. ಎರಡನೆಯದಕ್ಕೆ, ಋಣ ಚಿಹ್ನೆ ಬಿಟ್ಟದ್ದು, ಸಂಖ್ಯೆ ತಪ್ಪಾಗಿ ಇಳಿಸಿದ್ದು ಮುಂತಾದವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ. ಮೂರನೆಯದಕ್ಕೆ ಮಾತ್ರ ಗಡಿಯಾರದ ಅಭ್ಯಾಸ. ತಪ್ಪಿದ ಲೆಕ್ಕಗಳನ್ನು ವಾರದ ನಂತರ ಉತ್ತರ ನೋಡದೆ ಮತ್ತೆ ಬಿಡಿಸಬೇಕು. ಅಂತಿಮ ಉತ್ತರ ತಪ್ಪಿದರೂ ಸರಿಯಾದ ಹಂತಗಳಿಗೆ ಅಂಕವಿರುವುದರಿಂದ, ಹಂತಗಳನ್ನು ಹಾರಿಸದೆ ಬರೆಯುವುದನ್ನೂ ಇಲ್ಲಿಯೇ ರೂಢಿಸಿಕೊಳ್ಳಬೇಕು. ಪ್ರಸಾದ ನಿಲಯಗಳಲ್ಲಿರುವ ಮಕ್ಕಳು ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದಿದರೆ ಇಬ್ಬರಿಗೂ ಲಾಭವುಂಟು.

೨೦೨೪ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದ್ದು, ಉತ್ತಮ ಅಂಕಗಳನ್ನು ಉಳಿಸಿಕೊಳ್ಳುವ ಅವಕಾಶವಿದೆ. ಇದು ಎಡವಿದ ಮಕ್ಕಳಿಗೆ ಆಸರೆಯೇ ಹೊರತು, ಮೊದಲ ಪರೀಕ್ಷೆಯನ್ನೇ ಅಭ್ಯಾಸದ ಪತ್ರಿಕೆಯೆಂದು ಬಗೆಯಲು ನೆಪವಲ್ಲ. ಇಂಜಿನಿಯರಿಂಗ್ ಬಯಸುವವರು ಬರೆಯುವ ಸಿ.ಇ.ಟಿ.ಯ ಗಣಿತದಲ್ಲಿ ೮೦ ನಿಮಿಷಗಳಿಗೆ ೬೦ ಪ್ರಶ್ನೆಗಳು. ಅದರ ವೇಗವೇ ಬೇರೆ. ಅದರ ಪೂರ್ಣ ಪತ್ರಿಕೆಗಳನ್ನು ಲಿಖಿತ ಪರೀಕ್ಷೆ ಮುಗಿದ ಮೇಲೆ ಕೈಗೆತ್ತಿಕೊಳ್ಳುವುದು ಮೇಲು.

ಮನೆಯವರು ನೆನಪಿಡಬೇಕಾದುದು

ಅಭ್ಯಾಸದ ಪತ್ರಿಕೆಯಲ್ಲಿ ಬಂದ ಅಂಕವನ್ನು ನೆಂಟರಿಷ್ಟರ ಮುಂದೆ ಆಡುವುದಾಗಲಿ, ನೆರೆಮನೆಯ ಮಗುವಿನೊಡನೆ ಹೋಲಿಸುವುದಾಗಲಿ ಸಲ್ಲದು. "ಎಷ್ಟು ಬಂತು?" ಎಂದು ಕೇಳುವುದಕ್ಕೆ ಬದಲಾಗಿ "ಎಲ್ಲಿ ತೊಡಕಾಯಿತು, ಮಗು?" ಎಂದು ಕೇಳಿರಿ. ಆ ಮೂರು ಗಂಟೆ ಟಿ.ವಿ. ಆರಿಸಿ ಮನೆಯನ್ನು ಶಾಂತವಾಗಿಡಿರಿ.

ನಮ್ಮ ಮಗಳ ವಿಷಯ ಹೇಳಿ ಮುಗಿಸುತ್ತೇವೆ. ಭಾನುವಾರದ ಕಟ್ಟಳೆಯನ್ನು ಕೈಬಿಟ್ಟು, ಆಗಸ್ಟ್‌ನಿಂದ ಉಪನ್ಯಾಸಕರು ಹೇಳಿದಂತೆ ಅಧ್ಯಾಯವಾರು ಅಭ್ಯಾಸ ಮಾಡಿಸಿದೆವು. ಜನವರಿಯಲ್ಲಿ ಬರೆದ ಪೂರ್ಣ ಪತ್ರಿಕೆಯಲ್ಲಿ ೫೧ ಅಂಕ ಬಂದಿತು. ಆ ಉತ್ತರಪತ್ರಿಕೆಯನ್ನು ಅವಳು ಬಚ್ಚಿಡಲಿಲ್ಲ. ತಾನಾಗಿಯೇ ತಂದು ನಮ್ಮ ಮುಂದೆ ಹರಡಿ, ತಪ್ಪುಗಳನ್ನು ಬೆರಳಿಟ್ಟು ತೋರಿಸಿದಳು. ಗಣಿತವನ್ನು ಬಿಡುವ ಮಾತು ಅಲ್ಲಿಗೆ ನಿಂತಿತು. ಇಂದು ಅವಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ನಾವು ಅವಸರದಿಂದ ಮಾಡಿದ ತಪ್ಪು, ತಡಮಾಡಿ ಮಾಡಿದ ತಪ್ಪು, ಇವೆರಡೂ ನಿಮ್ಮ ಮನೆಗಳಲ್ಲಿ ಆಗದಿರಲಿ; ಮಕ್ಕಳ ಶ್ರಮಕ್ಕೆ ತಕ್ಕ ಫಲ ದೊರೆಯಲಿ ಎಂದು ಹಾರೈಸುತ್ತೇವೆ.