ಶಾಂತಿಯ ಅಣು, ಅಸ್ತ್ರದ ಅಣು: ಸೈರಸ್ ಸ್ಥಾವರದ ನಿದರ್ಶನ

ಶಾಂತಿಗಾಗಿ ನೀಡಿದ ಪರಮಾಣು ತಂತ್ರವಿದ್ಯೆ ಅಸ್ತ್ರನಿರ್ಮಾಣಕ್ಕೂ ಒದಗುವುದು ಹೇಗೆಂಬ ಪ್ರಶ್ನೆಗೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಸ್ಪಷ್ಟವಾದ ಉತ್ತರವಿದೆ. ಆ ಚರಿತ್ರೆಯಲ್ಲಿ ಪುಣೆ ನಗರಕ್ಕೂ ಒಂದು ಪಾತ್ರವಿದೆ.

1953ರ ಡಿಸೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯ ಯೋಜನೆಯನ್ನು ಮುಂದಿಟ್ಟರು. 1955ರಲ್ಲಿ ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನದಲ್ಲಿ, ಅದುವರೆಗೆ ಗುಪ್ತವಾಗಿದ್ದ ಅನೇಕ ವಿಷಯಗಳು ಬಹಿರಂಗಗೊಂಡವು. ಮರುವರ್ಷವೇ ಕೆನಡಾ ಭಾರತಕ್ಕೆ 40 ಮೆಗಾವಾಟ್ ಸಾಮರ್ಥ್ಯದ ಸಂಶೋಧನಾ ಸ್ಥಾವರವನ್ನು ಕೊಡಲು ಒಪ್ಪಿತು. ಅದಕ್ಕೆ ಬೇಕಾದ ಸುಮಾರು 21 ಟನ್ ಭಾರಜಲವನ್ನು ಅಮೆರಿಕ ಒದಗಿಸಿತು. ಮುಂಬಯಿಯ ಟ್ರಾಂಬೆಯಲ್ಲಿ 1960ರಲ್ಲಿ ಕಾರ್ಯಾರಂಭ ಮಾಡಿದ ಈ ಸ್ಥಾವರವೇ 'ಸೈರಸ್'.

ಎರಡೂ ಕರಾರುಗಳಲ್ಲಿ 'ಶಾಂತಿಯುತ ಉದ್ದೇಶಗಳಿಗೆ ಮಾತ್ರ' ಎಂಬ ವಾಗ್ದಾನವಿತ್ತು. ಆದರೆ ಅದನ್ನು ಪರೀಕ್ಷಿಸಿ ನೋಡುವ ಅಂತರರಾಷ್ಟ್ರೀಯ ತಪಾಸಣೆಯ ಏರ್ಪಾಡು ಇರಲಿಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹುಟ್ಟಿದ್ದೇ 1957ರಲ್ಲಿ. ಇಂಧನದ ಸರಳುಗಳನ್ನು ಭಾರತವೇ ತಯಾರಿಸಬಲ್ಲದಾದ್ದರಿಂದ, ಇಂಧನ ಪೂರೈಕೆಯ ಮೂಲಕ ಹಿಡಿತವಿಡುವ ದಾರಿಯೂ ದಾನಿ ರಾಷ್ಟ್ರಗಳಿಗೆ ಉಳಿಯಲಿಲ್ಲ.

ಸ್ಥಾವರದೊಳಗೆ ನಡೆಯುವ ಕ್ರಿಯೆಯನ್ನು ಗಮನಿಸಿದರೆ ಸಮಸ್ಯೆಯ ಮೂಲ ತಿಳಿಯುತ್ತದೆ. ನೈಸರ್ಗಿಕ ಯುರೇನಿಯಂನಲ್ಲಿ ಶೇಕಡಾ 99ಕ್ಕೂ ಮಿಕ್ಕಿ ಇರುವುದು ಯುರೇನಿಯಂ-238. ಅದು ನ್ಯೂಟ್ರಾನನ್ನು ಹೀರಿಕೊಂಡು, ಎರಡು ಹಂತಗಳ ವಿಕಿರಣ ಕ್ಷಯದ ನಂತರ ಪ್ಲುಟೋನಿಯಂ-239 ಆಗಿ ಪರಿವರ್ತನೆ ಹೊಂದುತ್ತದೆ. ಇಂಧನವನ್ನು ಅಲ್ಪಕಾಲ ಮಾತ್ರ ಉರಿಸಿ ಹೊರತೆಗೆದರೆ ಅಸ್ತ್ರಕ್ಕೆ ಯೋಗ್ಯವಾದ ಪ್ಲುಟೋನಿಯಂ ದೊರೆಯುತ್ತದೆ. ಇದು ಯಂತ್ರದ ದುರ್ಬಳಕೆಯಿಂದ ಹುಟ್ಟುವ ವಸ್ತುವಲ್ಲ, ಅದರ ಸಹಜ ಉತ್ಪನ್ನ. ಉಳಿದ ಇಂಧನದಿಂದ ಅದನ್ನು ಬೇರ್ಪಡಿಸುವ ರಾಸಾಯನಿಕ ಘಟಕ ಟ್ರಾಂಬೆಯಲ್ಲಿ 1964ರಲ್ಲಿ ಸಿದ್ಧವಾಯಿತು.

1974ರ ಮೇ 18ರಂದು ಪೋಖರಣದಲ್ಲಿ ಸ್ಫೋಟಿಸಿದ್ದು ಸೈರಸ್‌ನ ಪ್ಲುಟೋನಿಯಂ. ಆ ಕಾರ್ಯದ ಮುಂದಾಳು ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣ. ಸಾಧನದ ಸ್ಫೋಟಕ ಭಾಗಗಳು ಚಂಡೀಗಢದ ರಕ್ಷಣಾ ಪ್ರಯೋಗಾಲಯದಲ್ಲಿ ರೂಪುಗೊಂಡರೆ, ಅದನ್ನು ಸಿಡಿಸುವ ವ್ಯವಸ್ಥೆ ಸಿದ್ಧವಾದದ್ದು ಪುಣೆಯ ಸ್ಫೋಟಕಗಳ ಸಂಶೋಧನಾಲಯದಲ್ಲಿ. ಹೊರಗಿನಿಂದ ಬಂದದ್ದು ಸ್ಥಾವರ ಮತ್ತು ಭಾರಜಲ. ಅಸ್ತ್ರದ ವಿದ್ಯೆ ಇಲ್ಲಿಯೇ ಬೆಳೆದದ್ದು. ಆದುದರಿಂದ ರಫ್ತೊಂದೇ ಅಸ್ತ್ರವನ್ನು ಹುಟ್ಟಿಸುತ್ತದೆ ಎನ್ನಲಾಗದು. ಆದರೆ ಅತ್ಯಂತ ದುರ್ಲಭವಾದ ವಸ್ತುವನ್ನು ಅದು ಕೈಗೆಟುಕುವಂತೆ ಮಾಡುತ್ತದೆ.

ಮುಂದಿನ ವಾದವೆಲ್ಲ ಒಂದು ಶಬ್ದದ ಅರ್ಥವನ್ನು ಕುರಿತದ್ದು. ಭಾರತ ಇದನ್ನು 'ಶಾಂತಿಯುತ ಸ್ಫೋಟ'ವೆಂದಿತು. ಸ್ಫೋಟಕ್ಕೂ ಬಾಂಬಿಗೂ ಭೇದವಿಲ್ಲವೆಂದ ಕೆನಡಾ 1976ರಲ್ಲಿ ಪರಮಾಣು ಸಹಕಾರವನ್ನು ಕೊನೆಗೊಳಿಸಿತು. ಅದು ಬಾಂಬೇ ಆಗಿತ್ತೆಂದು ರಾಮಣ್ಣನವರೇ 1997ರಲ್ಲಿ ಹೇಳಿದರು. ಈ ಪ್ರಕರಣದಿಂದ ಎಚ್ಚೆತ್ತ ಪೂರೈಕೆದಾರ ರಾಷ್ಟ್ರಗಳು ಕೂಟವೊಂದನ್ನು ರಚಿಸಿಕೊಂಡು, 1978ರಲ್ಲಿ ರಫ್ತಿನ ನಿಯಮಗಳನ್ನು ಪ್ರಕಟಿಸಿದವು. ಅದೇ ಕೂಟ 2008ರಲ್ಲಿ ಭಾರತಕ್ಕೆ ವಿನಾಯಿತಿ ನೀಡಿತು. ಸೈರಸ್ 2010ರ ಡಿಸೆಂಬರ್ 31ರಂದು ಶಾಶ್ವತವಾಗಿ ಸ್ತಬ್ಧವಾಯಿತು.

ಕೆನಡಾದ ನೆರವಿನಿಂದಲೇ ರಾವತ್‌ಭಾಟಾದಲ್ಲಿ ಆರಂಭವಾದ ವಿದ್ಯುತ್ ಸ್ಥಾವರಗಳ ಕಥೆ ಬೇರೆ. ಅವು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟಿದ್ದವು. ಕೊಟ್ಟ ದೇಶ ಒಂದೇ, ಪಡೆದ ದೇಶವೂ ಒಂದೇ, ವ್ಯತ್ಯಾಸವಿದ್ದುದು ಕರಾರಿನಲ್ಲಿ. ತಮ್ಮಲ್ಲಿ ಅಸ್ತ್ರಗಳನ್ನು ಪೇರಿಸಿಟ್ಟುಕೊಂಡ ರಾಷ್ಟ್ರಗಳು ಇತರರಿಗೆ ಸಂಯಮವನ್ನು ಬೋಧಿಸುವುದರಲ್ಲಿರುವ ಅಸಮಾನತೆಯನ್ನು ಭಾರತ ಎತ್ತಿ ತೋರಿಸಿದ್ದು ನ್ಯಾಯವೇ. ಆದರೂ ಆ ಅಸಮಾನತೆ ಪರಮಾಣುವಿನ ಗುಣವನ್ನು ಬದಲಿಸುವುದಿಲ್ಲ. ಶಾಂತಿ ಎಂಬ ಶಬ್ದಕ್ಕೆ ಕರಾರಿನಲ್ಲಿಯೇ ನಿಶ್ಚಿತವಾದ ಅರ್ಥವೂ, ಅದನ್ನು ಕಾಯುವ ತಪಾಸಣೆಯೂ ಇಲ್ಲದಿದ್ದರೆ, ಕೊಟ್ಟವನ ಮನಸ್ಸಿನ ಅರ್ಥವೊಂದು, ಪಡೆದವನ ಕಾರ್ಯದ ಅರ್ಥವೊಂದು ಆಗುವುದು ಅನಿವಾರ್ಯ.