ಮದುವೆ ಫೋಟೋ ಪುಸ್ತಕ ಮಾಡಿಸುವವರಿಗೆ

ಮೈಸೂರಿನಲ್ಲಿ ನಡೆದ ತಮ್ಮನ ಮದುವೆಯ ಫೋಟೋಗಳನ್ನು ಇಲ್ಲಿ ನ್ಯೂಜೆರ್ಸಿಯಲ್ಲೇ ಕೂತು, ಆನ್‌ಲೈನ್‌ನಲ್ಲಿ ಜೋಡಿಸಿ ಪುಸ್ತಕ ಮಾಡಿಸಿದೆ. ನೋಡಿದವರೆಲ್ಲ "ಹೇಗೆ ಮಾಡಿಸಿದಿರಿ?" ಎಂದು ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ.

ಫೋಟೋ ಅಪ್‌ಲೋಡ್ ಮಾಡಿ, ಪುಸ್ತಕದ ಅಳತೆ ಆರಿಸಿ, ಚಿತ್ರಗಳನ್ನು ಪುಟಕ್ಕೆ ಎಳೆದು ಬಿಡುವುದು ಯಾರಿಗಾದರೂ ಬರುತ್ತದೆ. ತೊಡಕು ಇರುವುದು ಬೇರೆ ಕಡೆ. ಅಚ್ಚು ಸ್ಪಷ್ಟವಾಗಿ ಬರಲು ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ 12 ಇಂಚಿನ ಪುಟಕ್ಕೆ 3600. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಬರುವ ಫೋಟೋ ಸುಮಾರು 1600ಕ್ಕೆ ಕುಗ್ಗಿರುತ್ತದೆ. ಐದಿಂಚಿಗಿಂತ ಹಿಗ್ಗಿಸಿದರೆ ಮುಖ ಮಸುಕಾಗುತ್ತದೆ. ಊರಿನವರಿಗೆ "ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಹೇಳಿ. ಚಿಕ್ಕಪ್ಪನಿಗೆ ಇದನ್ನು ಹೇಳಿಕೊಡಲು ನನಗೆ ಮೂರು ಭಾನುವಾರ ಹಿಡಿಯಿತು!

ಫೋಟೋಗಳನ್ನು ತಾನಾಗಿ ಜೋಡಿಸುವ ಬಟನ್ ಒತ್ತುವ ಮುನ್ನ ಕ್ಯಾಮೆರಾಗಳ ಗಡಿಯಾರ ನೋಡಿ. ಅದು ತೆಗೆದ ಸಮಯದ ಪ್ರಕಾರ ಜೋಡಿಸುತ್ತದೆ. ಇಲ್ಲಿಂದ ಒಯ್ದ ಕ್ಯಾಮೆರಾ ಇಲ್ಲಿನ ಸಮಯದಲ್ಲೇ ಇದ್ದರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಬೆಳಿಗ್ಗೆ ಹತ್ತರ ಮಾಂಗಲ್ಯಧಾರಣೆ ಹಿಂದಿನ ರಾತ್ರಿ ಹನ್ನೊಂದೂವರೆಗೆ ಹೋಗಿ, ವರ ಕಾಶಿಯಾತ್ರೆಗೆ ಹೊರಡುವ ಮೊದಲೇ ತಾಳಿ ಕಟ್ಟಿದಂತಾಗುತ್ತದೆ! ಕಂಪ್ಯೂಟರಿನಲ್ಲಿ ಆ ಕ್ಯಾಮೆರಾದ ಚಿತ್ರಗಳನ್ನೆಲ್ಲ ಒಟ್ಟಿಗೆ ಆರಿಸಿ ಸಮಯ ತಿದ್ದಿಕೊಳ್ಳಬಹುದು.

ಇನ್ನು ಕನ್ನಡ ಬರಹ. ಕೆಲವು ಕಡೆ ಕನ್ನಡ ಫಾಂಟೇ ಇರುವುದಿಲ್ಲ, ಒತ್ತಕ್ಷರಗಳು ಪಕ್ಕಕ್ಕೆ ಜಾರುತ್ತವೆ. ವರ್ಡ್‌ನಲ್ಲಿ ಟೈಪ್ ಮಾಡಿ, ಅದನ್ನೇ ಚಿತ್ರವಾಗಿ ಉಳಿಸಿ, ಫೋಟೋದಂತೆ ಪುಟಕ್ಕೆ ಹಾಕಿಬಿಡಿ.

"ಇಷ್ಟೆಲ್ಲ ತಾಪತ್ರಯ ಯಾಕೆ, ಇಂಗ್ಲಿಷಿನಲ್ಲೇ ಬರೆದರಾಗದೇ?" ಎಂದರು ನಮ್ಮ ಯಜಮಾನರು. ಒಂದು ಪ್ರತಿ ಹೋಗುವುದು ತುಮಕೂರಿನಲ್ಲಿರುವ 86 ವರ್ಷದ ಅಜ್ಜಿಗೆ. ಫೋನಿನ ಪುಟ್ಟ ಚಿತ್ರ ಅವರ ಕಣ್ಣಿಗೆ ಕಾಣದು, ಇಂಗ್ಲಿಷ್ ಬಾರದು. ಇನ್ನೊಂದು ನಮ್ಮ ಮಕ್ಕಳಿಗೆ. ಅವರಿಗೆ ಅಪ್ಪ ಅಮ್ಮ, ವಧೂವರರನ್ನು ಬಿಟ್ಟರೆ ಉಳಿದವರೆಲ್ಲ ಬರೀ 'ಅಂಕಲ್, ಆಂಟಿ'. ನನಗೇ ಅರ್ಧ ಜನರ ಗುರುತಿರಲಿಲ್ಲ. ಹಾಗಾಗಿ ಸೋದರತ್ತೆಗೆ ಒಂದೊಂದೇ ಫೋಟೋ ಕಳಿಸಿ ಫೋನಿನಲ್ಲಿ ಕೇಳುತ್ತ ಹೋದೆ. ಕೊನೇ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ನಿಂತಿದ್ದವರೊಬ್ಬರನ್ನು ನೋಡಿ, "ನಿನ್ನ ತಾತನ ಸ್ಕೂಲ್ ಫೀಸು ಕಟ್ಟಿದ ಮೇಷ್ಟ್ರ ಮಗ ಕಣೇ. ಅವರಿಲ್ಲದಿದ್ದರೆ ತಾತ ಓದುತ್ತಲೇ ಇರಲಿಲ್ಲ" ಅಂದರು. ಫೋಟೋಗ್ರಾಫರ್ ಆರಿಸಿಕೊಟ್ಟ ಇನ್ನೂರರಲ್ಲಿ ಆ ಚಿತ್ರ ಇರಲೇ ಇಲ್ಲ. ನಮ್ಮ ಪುಸ್ತಕದಲ್ಲಿ ಅವರಿಗೆ ಹೆಸರಿನ ಸಮೇತ ಒಂದು ಪೂರ್ತಿ ಪುಟ.

ಬೈಂಡಿಂಗ್ ಮಾತ್ರ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುವಂಥದ್ದೇ ಇರಲಿ. ಸ್ವಲ್ಪ ದುಬಾರಿ, ಆದರೆ ಎರಡು ಪುಟಕ್ಕೆ ಹರಡಿದ ಗ್ರೂಪ್ ಫೋಟೋದಲ್ಲಿ ಯಾರ ಮುಖವೂ ಮಡಿಕೆಗೆ ಸಿಕ್ಕುವುದಿಲ್ಲ. ಮೊದಲು ಒಂದೇ ಪ್ರತಿ ತರಿಸಿ ನೋಡಿ. ಅರಕ್ತ ಬಣ್ಣದ ರೇಷ್ಮೆ ಸೀರೆ ಪರದೆಗಿಂತ ಕಾಗದದ ಮೇಲೆ ಗಾಢವಾಗಿ ಕಾಣುತ್ತದೆ. ಮೂಲ ಫೋಟೋಗಳನ್ನು ಮನೆಯಲ್ಲಿ ಬೇರೆ ಡಿಸ್ಕ್‌ನಲ್ಲೂ ಇಟ್ಟುಕೊಳ್ಳಿ. ಕೊಡಕ್ ಗ್ಯಾಲರಿಯಂಥ ದೊಡ್ಡ ಸೇವೆಯೇ 2012ರಲ್ಲಿ ಬಾಗಿಲು ಹಾಕಿತು.